ಕೊನೆಯ ಬಟ್ಟಲಿನ ಕೆನೆ

ಸಿದ್ದಲಿಂಗೇಶ ಪಾಟೀಲರು ಚಮಚವನ್ನು ಬಟ್ಟಲಿಗೆ ಇಳಿಸಿದಾಗ ಅದರ ಹಿಡಿಕೆಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ದೀಪ ಹೊತ್ತಿಕೊಂಡಿತು. ಬಟ್ಟಲಿನಲ್ಲಿ ಇದ್ದದ್ದು ಅಣಬೆ ಬೇಯಿಸಿದ ಕಂದು ಬಣ್ಣದ ತಿಳಿ. ಅದರಲ್ಲಿ ನಾಲ್ಕಾರು ಅಣಬೆ ಹೋಳು, ಸ್ವಲ್ಪ ಬೆಳ್ಳುಳ್ಳಿ, ಮೇಲೊಂದಿಷ್ಟು ಕಾಳುಮೆಣಸಿನ ಪುಡಿ. ಬೆಣ್ಣೆ ಇಲ್ಲ, ಮೈದಾ ಇಲ್ಲ, ಕೆನೆಯಂತೂ ಆ ಮನೆಯ ಹೊಸ್ತಿಲು ದಾಟದೆ ವರ್ಷಗಳೇ ಆಗಿದ್ದವು. ಅವರು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಚಪ್ಪರಿಸಿದರು. ಎದುರಿಗೆ ಕೂತಿದ್ದ ಮಗಳು ಇಂಚರ ಅವರ ಮುಖವನ್ನೇ ನೋಡುತ್ತಿದ್ದಳು.

"ಏ ಶಿವಲೀಲಾ," ಎಂದು ಪಾಟೀಲರು ಅಡಿಗೆಮನೆಯ ಕಡೆ ಕೂಗಿದರು. "ಖರೇ ಹೇಳು, ಕೆನಿ ಹಾಕೀಯೋ ಇಲ್ಲೋ?"

"ಒಂದ ಹನಿ ಹಾಕಿಲ್ಲರಿ," ಎಂದು ಹೆಂಡತಿಯ ದನಿ ಬಂತು. "ನಿಮ್ಮ ಮಗಳು ಪೊಲೀಸರಂಗ ಬಾಜೂಕ ನಿಂತಿದ್ಲು."

"ಹಂಗಾರ ಈ ಚಮಚಾ ಸುಳ್ಳ ಹೇಳಾಕ ಹತ್ತೈತಿ. ಭಾಳ ಚಂದ ಸುಳ್ಳ ಹೇಳಾಕ ಹತ್ತೈತಿ." ಹೀಗೆ ಹೇಳಿ ಪಾಟೀಲರು ಮತ್ತೆ ಬಟ್ಟಲಿಗೆ ಕೈ ಹಾಕಿದರು. ಬಟ್ಟಲು ಬರಿದಾಗುವವರೆಗೆ ಅವರು ಚಮಚ ಕೆಳಗಿಡಲಿಲ್ಲ. ಇಂಚರಳ ಕಣ್ಣಲ್ಲಿ ನೀರು ಬಂತು. ಆರು ವರ್ಷದ ಕೆಲಸ ಕೈಗೂಡಿದ ದಿನ ಅದು.

ಇದು ಇನ್ನು ಮೂವತ್ತು ಮೂವತ್ತೈದು ವರ್ಷಗಳ ಮೇಲಿನ ಧಾರವಾಡ. ಇಂದು ನಮ್ಮ ನಡುವೆ ಅಂಗನವಾಡಿಗೆ ಹೋಗುತ್ತಿರುವ ಇಂಚರ, ಸಾನ್ವಿ, ವಿಹಾನರೆಲ್ಲ ಆಗ ತಲೆ ನರೆಯುತ್ತಿರುವ ದೊಡ್ಡ ಮನುಷ್ಯರು. ಸಪ್ತಾಪುರದ ಪಾಟೀಲರ ಮನೆಯಲ್ಲಿ ನೆಲ ಒರೆಸಲು ಯಂತ್ರವಿತ್ತು. ತರಕಾರಿ ಮುಗಿದರೆ ಫ್ರಿಜ್ಜೇ ಅಂಗಡಿಗೆ ಹೇಳಿ ಕಳಿಸುತ್ತಿತ್ತು. ಊಟದ ಸರದಿ ಮಾತ್ರ ಬದಲಾಗಿರಲಿಲ್ಲ. ಮೊದಲು ಪಾಟೀಲರು, ಬಂದವರಿದ್ದರೆ ಬಂದವರು, ಆಮೇಲೆ ಇಂಚರ, ಎಲ್ಲರದೂ ಮುಗಿದ ಮೇಲೆ ಶಿವಲೀಲಾ. "ಅವ್ವಾ, ನೀನೂ ಕೂಡು" ಎಂದು ಇಂಚರ ದಿನವೂ ಕರೆಯುತ್ತಿದ್ದಳು. "ನೀವು ಉಣ್ರಿ, ನಾ ಆಮ್ಯಾಲೆ ಉಣ್ತೀನಿ" ಎಂದು ಅವರು ದಿನವೂ ಹೇಳುತ್ತಿದ್ದರು. ಕರೆದ ಸಮಾಧಾನ ಮಗಳಿಗೆ ಆಗುತ್ತಿತ್ತು, ಅವಳು ಊಟಕ್ಕೆ ಕೂರುತ್ತಿದ್ದಳು.

ಅಣಬೆ ಸೂಪಿನ ಮೇಲೆ ಪಾಟೀಲರಿಗಿದ್ದ ಆಸೆ ಹಳೆಯದು. ಮದುವೆಯಾದ ಹೊಸತರಲ್ಲಿ ಅವರ ತಾಯಿ ಮನೆಯೊಳಗೆ ಅಣಬೆ ತರಗೊಡುತ್ತಿರಲಿಲ್ಲ. ಬೇಯಿಸಿದರೆ ಮಾಂಸದ ವಾಸನೆ ಬರುತ್ತದೆ ಎಂಬುದು ಆಕೆಯ ತಕರಾರು. ಹೀಗಾಗಿ ಗಂಡ ಹೆಂಡತಿ ತಿಂಗಳಿಗೊಮ್ಮೆ ಸಿನಿಮಾದ ನೆವ ಹೇಳಿ ಹುಬ್ಬಳ್ಳಿಯ ಒಂದು ಹೋಟೆಲಿನ ಫ್ಯಾಮಿಲಿ ರೂಮಿಗೆ ಹೋಗಿ, ಕೆನೆ ಹಾಕಿದ ಮಶ್ರೂಮ್ ಸೂಪನ್ನು ಒನ್ ಬೈ ಟೂ ಹೇಳುತ್ತಿದ್ದರು. ಒಂದನ್ನು ಎರಡು ಬಟ್ಟಲಿಗೆ ಹಂಚಿ ತರುವ ಮಾಣಿಯ ಕೈ ಎಷ್ಟು ಪಳಗಿದ್ದರೂ ಒಂದರಲ್ಲಿ ತುಸು ಹೆಚ್ಚು, ಇನ್ನೊಂದರಲ್ಲಿ ತುಸು ಕಡಿಮೆ ಇದ್ದೇ ಇರುತ್ತಿತ್ತು. ಹೆಚ್ಚಿದ್ದ ಬಟ್ಟಲನ್ನು ಶಿವಲೀಲಾ ಮಾತಾಡುತ್ತ ಮಾತಾಡುತ್ತಲೇ ಗಂಡನ ಕಡೆ ಸರಿಸಿಬಿಡುತ್ತಿದ್ದರು. ಪಾಟೀಲರು ಹೈಸ್ಕೂಲಿನ ಪಿ.ಟಿ. ಮಾಸ್ತರರು, ಹಸಿವು ಜಾಸ್ತಿ. ಅವರು ಅದನ್ನು ಗಮನಿಸಿದಂತೆ ಕಾಣುತ್ತಿರಲಿಲ್ಲ.

ಅರವತ್ತು ದಾಟಿದ ಮೇಲೆ ಅವರ ಹೃದಯದ ರಕ್ತನಾಳಗಳು ಕಟ್ಟಿಕೊಂಡು ಆಪರೇಷನ್ ಆಯಿತು. ಬೆಣ್ಣೆ, ಕೆನೆ, ಕರಿದ ತಿಂಡಿ ಎಲ್ಲಕ್ಕೂ ವೈದ್ಯರು ಬಾಗಿಲು ಹಾಕಿದರು. ಶಿವಲೀಲಾ ಕೈಕಟ್ಟಿ ಕೂರಲಿಲ್ಲ. ಅಣಬೆಯನ್ನು ನೀರಿನಲ್ಲಿ ನೆನೆಸದೆ ಒದ್ದೆ ಬಟ್ಟೆಯಿಂದ ಒರೆಸಿ, ಎಣ್ಣೆಯಿಲ್ಲದ ಬಾಣಲೆಯಲ್ಲಿ ಅದು ಬಿಟ್ಟ ನೀರು ಅದರಲ್ಲೇ ಇಂಗುವವರೆಗೆ ಹುರಿದರು. ಬೇಯಿಸಿದ ಹೂಕೋಸನ್ನೂ ಒಂದು ಹಿಡಿ ಓಟ್ಸನ್ನೂ ನುಣ್ಣಗೆ ರುಬ್ಬಿ, ಕೆನೆ ತೆಗೆದ ಹಾಲು ಸೇರಿಸಿ ಕುದಿಸಿದರು. ಹೊಟ್ಟೆಗೆ ಹಗುರ, ಮೈಗೆ ಹಿತ, ನೋಡುವುದಕ್ಕೆ ಹೋಟೆಲಿನ ಸೂಪಿನಷ್ಟೇ ದಪ್ಪ. ಪಾಟೀಲರು ಎರಡು ಚಮಚ ಕುಡಿದು, "ಗಂಜಿ ಕುಡದಂಗಾತು" ಎಂದು ಬಟ್ಟಲು ಸರಿಸಿದರು. ಉಳಿದದ್ದನ್ನು ಶಿವಲೀಲಾ ಕುಡಿದರು. ಅವರಿಗೆ ಅದು ನಿಜಕ್ಕೂ ಹಿಡಿಸಿತ್ತು. ಆದರೆ ಅವರ ನಾಲಿಗೆಗೆ ಏನು ಹಿಡಿಸಿತು ಎಂದು ಕೇಳುವ ರೂಢಿ ಆ ಮನೆಯಲ್ಲಿ ಇರಲಿಲ್ಲ.

ಮರುವಾರ ಪಾಟೀಲರು ವಾಕಿಂಗಿಗೆಂದು ಹೋಗಿ, ಮೀಸೆಗೆ ಬೇಕರಿಯ ಕ್ರೀಮ್ ಮೆತ್ತಿಕೊಂಡು ಮನೆಗೆ ಬಂದರು. ಆವತ್ತು ತಾಯಿ ಮಗಳು ಇಬ್ಬರೂ ಅತ್ತರು. ಧಾರವಾಡದ ಹೊರಗಿನ ಆಹಾರ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದ ಇಂಚರ, ಅಪ್ಪನ ನಾಲಿಗೆಗೇ ಮದ್ದು ಹುಡುಕಬೇಕೆಂದು ಹಟ ಹಿಡಿದದ್ದು ಆಗ.

"ಕೆನಿ ಅನ್ನೂದು ಬರೇ ರುಚಿ ಅಲ್ಲವ್ವಾ," ಎಂದು ಅವಳು ಒಂದು ದಿನ ತಾಯಿಗೆ ವಿವರಿಸಿದ್ದಳು. ಶಿವಲೀಲಾ ಆಗ ರೊಟ್ಟಿ ಬಡಿಯುತ್ತಿದ್ದರು. "ಜಿಡ್ಡು ನಾಲಿಗಿ ಮ್ಯಾಲೆ ಜಾರತೈತಿ ನೋಡು, ಅದನ್ನ ಅಲ್ಲಿನ ನರ ಹಿಡದು ಮೆದುಳಿಗೆ ಹೇಳ್ತಾವ. ನಾ ಆ ನರಕ್ಕ ಅಷ್ಟ ಕಚಗುಳಿ ಇಡ್ತೀನಿ. ಜಿಡ್ಡ ಇಲ್ಲದನ ಜಾರಿದಂಗ ಅನಸತೈತಿ."

"ಹೊಟ್ಟಿಗೆ?"

"ಹೊಟ್ಟಿಗೂ ಮೆದುಳ ಹೇಳತೈತಿ. ಭಾರೀ ಊಟ ಬಂತು, ಸಾಕು ಮಾಡು ಅಂತ."

"ಹೊಟ್ಟಿಗೆ ಸುಳ್ಳ ಹೇಳಿದ್ರ ಅದು ಸಿಟ್ಟಾಗಂಗಿಲ್ಲೇನು?"

"ಗೊತ್ತಾದ್ರ ತಾನ ಸಿಟ್ಟಾಗೂದು!" ಎಂದು ಇಂಚರ ನಕ್ಕಿದ್ದಳು.

ಹುಟ್ಟಿದ ಉಪಕರಣ ನೋಡುವುದಕ್ಕೆ ಸಾದಾ ಉಕ್ಕಿನ ಚಮಚ. ಅದರ ಅಂಚಿಗೆ ಕೂದಲೆಳೆಗಿಂತ ತೆಳುವಾದ ಒಂದು ಹರಳಿನ ಪೊರೆ. ವಿದ್ಯುತ್ತು ಹರಿದರೆ ಆ ಪೊರೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಕಂಪಿಸಿ ನಾಲಿಗೆಗೆ ಕೆನೆಯ ಭ್ರಮೆ ಕೊಡುತ್ತಿತ್ತು. ಹಿಡಿಕೆಯೊಳಗಿನ ಸಂವೇದಕ, ಅಂದರೆ ಅಳತೆ ಮಾಡುವ ಪುಟ್ಟ ಸಾಧನ, ಸೂಪು ಎಷ್ಟು ತೆಳ್ಳಗಿದೆ ಎಂದು ಲೆಕ್ಕ ಹಾಕಿ, ಎಷ್ಟು ಕೊರತೆಯೋ ಅಷ್ಟೇ ಕಂಪನವನ್ನು ಹೆಚ್ಚಿಸುತ್ತಿತ್ತು. ಚಮಚ ಹೆಚ್ಚು ದುಡಿದಂತೆ ಹಸಿರು ದೀಪ ಪ್ರಖರವಾಗುತ್ತಿತ್ತು. ಜನ ಅದನ್ನು ಕೆನೆಚಮಚ ಎಂದು ಕರೆದರು. ಕಂಪನಿ ಇಟ್ಟ ಇಂಗ್ಲಿಷ್ ಹೆಸರು ಯಾರ ಬಾಯಿಗೂ ಹತ್ತಲಿಲ್ಲ.

ಪರೀಕ್ಷೆಗಳಲ್ಲಿ ಇಂಚರ ಯಾವ ಅಚಾತುರ್ಯಕ್ಕೂ ಎಡೆ ಕೊಟ್ಟಿರಲಿಲ್ಲ. ಗಂಡಸರು, ಹೆಂಗಸರು, ಮುದುಕರು, ಸಕ್ಕರೆ ಕಾಯಿಲೆಯವರು, ಎಲ್ಲರನ್ನೂ ಸಾಲಾಗಿ ಕೂರಿಸಿ, ಒಂದೇ ಬೋಗುಣಿಯ ಸೂಪನ್ನು ಸಮನಾಗಿ ಬಡಿಸಿ, ತಿಂಗಳುಗಟ್ಟಲೆ ರಕ್ತ ತಪಾಸಣೆ ಮಾಡಿದ್ದಳು. ಬೊಜ್ಜು ಇಳಿಯಿತು, ರಕ್ತದ ಕೊಬ್ಬು ಇಳಿಯಿತು, ಯಾರಿಗೂ ಕೇಡಾಗಲಿಲ್ಲ. ಪಾಟೀಲರಂತೂ ಮತ್ತೆ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಬೆಳಗಿನ ಸುತ್ತು ಹಾಕತೊಡಗಿದರು. ಹೂಕೋಸು ಬೇಡ, ಓಟ್ಸು ಬೇಡ, ಹಾಲೂ ಬೇಡ. ಅಣಬೆ ಬೇಯಿಸಿದ ತಿಳಿಯಷ್ಟೇ ಸಾಕು, ಉಳಿದದ್ದನ್ನು ಚಮಚ ನೋಡಿಕೊಳ್ಳುತ್ತಿತ್ತು. ಪಾಟೀಲರು ಸೂಪಿನ ಮೇಲೆ ರೊಟ್ಟಿ, ಪಲ್ಯ, ಕಾಳು ಹೊಡೆಯುವ ಆಸಾಮಿಯಾದ್ದರಿಂದ ಅವರ ಮೈಗೆ ಯಾವ ಕೊರತೆಯೂ ಆಗಲಿಲ್ಲ.

ಕೆನೆಚಮಚ ರಾಜ್ಯದ ಮನೆಮನೆಗೆ ಹೋಯಿತು. ಅದರ ಜೊತೆಗೇ ಪಾಟೀಲರ ಮನೆಗೆ ಜನ ಬರತೊಡಗಿದರು. ಪತ್ರಿಕೆಯವರು ಬಂದರು, ಬೇರೆ ಊರಿನ ವಿಜ್ಞಾನಿಗಳು ಬಂದರು, ಎಂದೂ ಫೋನು ಮಾಡದ ನೆಂಟರು ಬಂದರು. ಕೆನೆಚಮಚ ಹುಟ್ಟಿದ ಮನೆಯಲ್ಲೇ ಒಮ್ಮೆ ಅಣಬೆ ಸೂಪು ಕುಡಿದು ಹೋಗಬೇಕು ಎಂಬುದು ಎಲ್ಲರ ಆಸೆ. ಶಿವಲೀಲಾ ನಾಲ್ಕು ಜನಕ್ಕೆ ಮಾಡಿಟ್ಟರೆ ಎಂಟು ಜನ ಬಂದು ಕೂರುತ್ತಿದ್ದರು. ಬಂದವರಿಗೆ ಇಲ್ಲ ಅನ್ನುವುದು ಆಕೆಯ ಜಾಯಮಾನದಲ್ಲೇ ಇರಲಿಲ್ಲ. ಅನಿರೀಕ್ಷಿತವಾಗಿ ನೆಂಟರು ಬಂದಾಗ ನಮ್ಮ ಹೆಂಗಸರು ಸಾರಿಗೆ ಏನು ಮಾಡುತ್ತಾರೋ ಅದನ್ನೇ ಆಕೆ ಸೂಪಿಗೂ ಮಾಡಿದರು. ಒಂದು ತಂಬಿಗೆ ನೀರು, ಒಂದು ಚಿಟಿಕೆ ಉಪ್ಪು, ಇನ್ನೊಂದು ಕುದಿ.

ಸಾರಿಗಾದರೆ ನೀರು ಬೆರೆಸುವುದಕ್ಕೆ ಒಂದು ಮಿತಿ ಇತ್ತು. ಹೆಚ್ಚಾದರೆ ಉಣ್ಣುವವರ ಮುಖವೇ ಹೇಳುತ್ತಿತ್ತು. ಈಗ ಯಾರ ಮುಖವೂ ಏನೂ ಹೇಳಲಿಲ್ಲ. ಎಲ್ಲರೂ ಚಪ್ಪರಿಸಿ ಹೊಗಳಿ ಹೋದರು. ಅವರೆಲ್ಲ ಹೋದ ಮೇಲೆ ತಳದಲ್ಲಿ ಉಳಿದದ್ದಕ್ಕೆ ಶಿವಲೀಲಾ ಇನ್ನಷ್ಟು ಬಿಸಿನೀರು ಹುಯ್ದು ತಮ್ಮ ಬಟ್ಟಲಿಗೆ ಬಗ್ಗಿಸಿಕೊಂಡರು. ಕೆನೆಚಮಚ ಬಾಯಿಗಿಟ್ಟರು. ಅವರಿಗೂ ಅದು ಹುಬ್ಬಳ್ಳಿಯ ಫ್ಯಾಮಿಲಿ ರೂಮಿನ ಸೂಪಿನ ಹಾಗೇ ಇತ್ತು. ಹೊಟ್ಟೆ ತುಂಬಿದಂತಾಗಿ, ರೊಟ್ಟಿ ಬುಟ್ಟಿಯನ್ನು ಮುಚ್ಚಿ ಮೇಲೆ ಎತ್ತಿಟ್ಟರು. ಆಮೇಲೆ ಸಾರನ್ನೂ ಮಜ್ಜಿಗೆಯನ್ನೂ ಅದೇ ಚಮಚದಲ್ಲಿ ಕುಡಿಯತೊಡಗಿದರು. ದಿನಗಳು ಹೋದಂತೆ ಅದೇ ಅವರ ಊಟವಾಯಿತು.

ಆಕೆ ಸಣ್ಣಗಾದದ್ದನ್ನು ಎಲ್ಲರೂ ನೋಡಿದರು, ನೋಡಿ ಖುಷಿಪಟ್ಟರು. "ಏನ್ ಅಕ್ಕಾರ, ಕಾಲೇಜ್ ಹುಡುಗ್ಯಾರಂಗ ಆಗೀರಲ್ರಿ!" ಎಂದು ನೆರೆಯವರು ಛೇಡಿಸಿದರು. ಇಂಚರ ಒಂದು ಭಾಷಣದಲ್ಲಿ ತಾಯಿಯನ್ನು ನಿಲ್ಲಿಸಿ ತೋರಿಸಿದ್ದೂ ಉಂಟು. ಸಭೆ ಚಪ್ಪಾಳೆ ತಟ್ಟಿತು, ಶಿವಲೀಲಾ ನಾಚಿ ಕೂತರು. ಪಾತ್ರೆ ತೊಳೆಯುವಾಗ ಬಳೆಗಳು ತಾವಾಗಿ ಕೈಯಿಂದ ಜಾರಿ ಬೀಳುತ್ತಿವೆ ಎಂದು ಅವರು ಯಾರಿಗೂ ಹೇಳಲಿಲ್ಲ. ಅಳತೆ ಚಿಕ್ಕದಿರುವ ಬಳೆ ಕೊಂಡುಕೊಂಡರು, ಅಷ್ಟೇ.

ಒಂದು ಭಾನುವಾರ ಬೆಂಗಳೂರಿನಿಂದ ಬಂದಿದ್ದ ತಂಡವೊಂದನ್ನು ರೈಲು ಹತ್ತಿಸಿ ಇಂಚರ ಮನೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಅತಿಥಿಗಳ ಗಡಿಬಿಡಿಯಲ್ಲಿ ಅವಳು ಏನೂ ಉಂಡಿರಲಿಲ್ಲ. ಅಡಿಗೆಮನೆಯಲ್ಲಿ ಶಿವಲೀಲಾ ಮಣೆಯ ಮೇಲೆ ಕೂತು ಆಗಷ್ಟೇ ಬಟ್ಟಲು ಕೈಗೆತ್ತಿಕೊಂಡಿದ್ದರು. ಅವರ ಚಮಚದ ತುದಿಯಲ್ಲಿ ದೀಪ ಎಷ್ಟು ಜೋರಾಗಿ ಉರಿಯುತ್ತಿತ್ತೆಂದರೆ ಗಲ್ಲದ ಮೇಲೆಲ್ಲ ಹಸಿರು ಬಿದ್ದಿತ್ತು. ಪ್ರಯೋಗಾಲಯದಲ್ಲಿ ಇಂಚರ ಅದನ್ನು ಅಷ್ಟು ಪ್ರಖರವಾಗಿ ಎಂದೂ ನೋಡಿರಲಿಲ್ಲ.

"ಉಂಡಿಲ್ಲೇನು ನೀನು? ಮಾರಿ ನೋಡು ಹೆಂಗ ಬಾಡೇತಿ," ಎಂದು ಶಿವಲೀಲಾ ಬಟ್ಟಲನ್ನು ಮಗಳ ಕಡೆ ಚಾಚಿದರು. "ತಗೋ, ಇದನ್ನ ಕುಡಿ. ನನಗೇನು ಹಸಿವಿಲ್ಲ."

ಇಂಚರ ಗೂಡಿನಲ್ಲಿದ್ದ ಒಂದು ಸಾದಾ ಚಮಚ ತೆಗೆದುಕೊಂಡು ಒಂದು ಗುಟುಕು ಕುಡಿದಳು. ಮತ್ತೊಂದು ಗುಟುಕು ಕುಡಿದಳು. ಬಾಯಲ್ಲಿದ್ದದ್ದು ಬಿಸಿನೀರು, ಉಪ್ಪು ಹಾಕಿದ ಬಿಸಿನೀರು. ತಳದಲ್ಲಿ ಅಣಬೆಯ ಒಂದು ಹೋಳು ಮಲಗಿತ್ತು.

"ಅವ್ವಾ, ಇದು ನೀರು."

"ಆ ಚಮಚಾದಾಗ ಕುಡದ್ರ ನೀರ ಅನಸತೈತಿ. ನಿನ್ನ ಚಮಚಾ ತಗೋ, ಕೆನಿ ಹಾಕಿದಂಗ ಹತ್ತತೈತಿ."

"ಎಷ್ಟ ದಿನದಿಂದ ಇದನ್ನ ಕುಡ್ಯಾಕ ಹತ್ತೀದಿ?"

ಶಿವಲೀಲಾ ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಎಲ್ಲಾರಿಗೂ ಹಾಕಿ ಉಳದದ್ದ ಕುಡೀತೀನಿ. ಮೊದಲಿಂದೂ ಹಂಗ ಅಲ್ಲೇನು?" ಎಂದರು. ಇಂಚರ ತಾಯಿಯ ಕೈ ಹಿಡಿದಳು. ಮಣಿಕಟ್ಟು ಅವಳ ಹೆಬ್ಬೆರಳು ಮತ್ತು ತೋರುಬೆರಳಿನ ಉಂಗುರದಲ್ಲಿ ಸಡಿಲವಾಗಿ ಕೂತಿತು. ಅಂದು ಸಂಜೆಯೇ ಅವಳು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರ್ ರೆಹಾನಾ ಮುಜಾವರ ಇಂಚರಳ ಬಾಲ್ಯದ ಗೆಳತಿ. ತಪಾಸಣೆ ಮುಗಿಸಿ ಹೊರಗೆ ಬಂದು ಅವಳನ್ನು ಬೆಂಚಿನ ಮೇಲೆ ಕೂರಿಸಿಕೊಂಡಳು. "ಮೈಯಾಗ ಸ್ನಾಯು ಉಳದಿಲ್ಲಲೇ," ಎಂದಳು. "ಊಟ ಸಿಗದಾಗ ದೇಹ ಮೊದಲು ಕೊಬ್ಬ ತಿಂತೈತಿ, ಆಮ್ಯಾಲೆ ಸ್ನಾಯು. ಹೃದಯಾನೂ ಒಂದು ಸ್ನಾಯುನ. ಉಪವಾಸ ಬಿದ್ದವರ ಮೈ ಇದು."

"ನಮ್ಮ ಮನ್ಯಾಗ ಯಾರೂ ಉಪವಾಸ ಇಲ್ಲ," ಎಂಬ ಮಾತು ಇಂಚರಳ ಬಾಯಿಂದ ತಾನಾಗಿ ಬಂದುಬಿಟ್ಟಿತು. ರೆಹಾನಾ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಕೆನೆಚಮಚವನ್ನು ಆ ದಿನವೇ ಬಚ್ಚಿಟ್ಟರು. ಆದರೆ ಅಷ್ಟು ಕಾಲ ಭ್ರಮೆಗೆ ಒಗ್ಗಿದ ನಾಲಿಗೆಗೆ ನಿಜವಾದ ತುಪ್ಪವೂ ಸಪ್ಪೆಯಾಗಿತ್ತು. ನೀರು ಕುಡಿದೇ ತುಂಬುತ್ತಿದ್ದ ಹೊಟ್ಟೆ ಹಸಿಯುವುದನ್ನು ಮರೆತಿತ್ತು. ಎರಡು ತುತ್ತಿಗೆ ಶಿವಲೀಲಾ ಮುಖ ತಿರುಗಿಸುತ್ತಿದ್ದರು, ಬೈದರೆ ಸಣ್ಣ ಮಗುವಿನಂತೆ ಅಳುತ್ತಿದ್ದರು. ಒಂದು ಸಂಜೆ ಇಂಚರ ಆಕೆಯ ಹಳೆಯ ರೀತಿಯಲ್ಲಿ ಸೂಪು ಮಾಡಿದಳು. ಅಣಬೆ ಒರೆಸಿ, ನೀರು ಇಂಗುವವರೆಗೆ ಹುರಿದು, ಹೂಕೋಸು ಓಟ್ಸು ರುಬ್ಬಿ, ಹಾಲು ಸೇರಿಸಿ ಕುದಿಸಿದಳು. ತಾಯಿ ಹೇಗೆ ಮಾಡುತ್ತಿದ್ದರೆಂದು ಅವಳಿಗೆ ನೆನಪಿದ್ದದ್ದೇ ಆಶ್ಚರ್ಯ. ಪಾಟೀಲರು ಅದನ್ನು ತಾವೇ ಎರಡು ಬಟ್ಟಲಿಗೆ ಹಂಚಿ, ಹಾಸಿಗೆಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತರು.

"ಒನ್ ಬೈ ಟೂ," ಎಂದು ಹೇಳಿ ಹೆಚ್ಚಿದ್ದ ಬಟ್ಟಲನ್ನು ಹೆಂಡತಿಯ ಕಡೆ ಸರಿಸಿದರು.

ಶಿವಲೀಲಾ ಎರಡೂ ಬಟ್ಟಲನ್ನು ನೋಡಿದರು. ಆಮೇಲೆ ಕೈ ಚಾಚಿ ಹೆಚ್ಚಿದ್ದನ್ನು ಮತ್ತೆ ಗಂಡನ ಕಡೆಗೇ ದೂಡಿದರು. ಅಷ್ಟು ದೂಡುವುದಕ್ಕೇ ಆಕೆಗೆ ಏದುಸಿರು ಬಂತು. ಪಾಟೀಲರು, ನಲವತ್ತೈದು ವರ್ಷ ಆ ಬಟ್ಟಲನ್ನು ತಮ್ಮದೆಂದೇ ಕುಡಿದವರು, ಸ್ಟೂಲಿನ ಮೇಲೆ ಕೂತಲ್ಲೇ ಬಿಕ್ಕಿ ಬಿಕ್ಕಿ ಅತ್ತರು. "ನನಗ ಕಾಣ್ತಿತ್ತು ಶಿವಲೀಲಾ. ಪ್ರತಿ ಸಲ ಕಾಣ್ತಿತ್ತು," ಎಂದರು.

ಮಗಳ ಕೈಯಿಂದ ಆಕೆ ಮೂರು ಚಮಚ ಕುಡಿದರು. "ಚಲೋ ಆಗೇತಿ. ಉಪ್ಪ ತುಸು ಮುಂದಾಗೇತಿ," ಎಂದು, ಸ್ವಲ್ಪ ಹೊತ್ತು ಬಿಟ್ಟು, "ಎಲ್ಲಾರದೂ ಊಟಾ ಆತಿಲ್ಲೋ?" ಎಂದು ಕೇಳಿದರು. ಅದೇ ವಾರ ಒಂದು ಸಣ್ಣ ಜ್ವರ ಬಂತು. ಬೇರೆಯವರಾಗಿದ್ದರೆ ಮಾತ್ರೆ ನುಂಗಿ ಎದ್ದು ಓಡಾಡುತ್ತಿದ್ದ ಜ್ವರ. ಶಿವಲೀಲಾ ಅದನ್ನು ದಾಟಲಿಲ್ಲ.

ತಾಯಿಯ ಕರ್ಮಗಳೆಲ್ಲ ಮುಗಿದ ಮೇಲೆ ಇಂಚರ ಪ್ರಯೋಗಾಲಯಕ್ಕೆ ಹೋಗಿ ಹಳೆಯ ಪರೀಕ್ಷೆಯ ಚಿತ್ರಗಳನ್ನು ನೋಡುತ್ತ ಕೂತಳು. ಸಾಲಾಗಿ ಕೂತ ಜನ, ಎಲ್ಲರ ಮುಂದೆ ಒಂದೇ ಅಳತೆಯ ಬಟ್ಟಲು, ಎಲ್ಲರೂ ಒಟ್ಟಿಗೆ ಚಮಚ ಎತ್ತುತ್ತಿದ್ದಾರೆ. ಕೊನೆಗೆ ಉಣ್ಣುವವರು ಅದರಲ್ಲಿ ಒಬ್ಬರೂ ಇರಲಿಲ್ಲ. ಹೆಂಗಸರನ್ನು ಸೇರಿಸಿದ್ದೇನೆ ಎಂದು ಅವಳು ಹೆಮ್ಮೆಪಟ್ಟಿದ್ದಳು. ಸೇರಿಸಿದ್ದೂ ನಿಜವೇ. ಆದರೆ ಆ ಹೆಂಗಸರನ್ನು ಅವಳು ಕೂರಿಸಿ ಬಡಿಸಿದ್ದಳು, ಅವರವರ ಮನೆಯಲ್ಲಿ ಹಾಗೆ ಯಾರೂ ಬಡಿಸುವುದಿಲ್ಲ ಎಂಬುದು ಅವಳ ತಲೆಗೆ ಹೊಳೆದಿರಲಿಲ್ಲ. ತನ್ನ ಮನೆಯಲ್ಲಿ ದಿನವೂ ಕಂಡದ್ದೇ ಹೊಳೆದಿರಲಿಲ್ಲ.

ಅವಳು ಚಮಚಕ್ಕೆ ಒಂದು ಕಟ್ಟು ಹಾಕಿದಳು. ಬಟ್ಟಲಿನಲ್ಲಿರುವುದರಲ್ಲಿ ಇಂತಿಷ್ಟಾದರೂ ಸತ್ವ ಇಲ್ಲದಿದ್ದರೆ ಚಮಚ ದುಡಿಯಬಾರದು, ದೀಪ ಹೊತ್ತಬಾರದು, ನೀರು ನೀರಿನಂತೆಯೇ ಅನ್ನಿಸಬೇಕು. ಗಿರಾಕಿಗಳು ಗಲಾಟೆ ಮಾಡುತ್ತಾರೆ ಎಂದು ಕಂಪನಿಯವರು ಗೊಣಗಿದರು. ಇಂಚರ ಜಗ್ಗಲಿಲ್ಲ. ಒಂದು ಬೆಳಿಗ್ಗೆ ಈ ಬದಲಾವಣೆ ಗಾಳಿಯಲ್ಲೇ ಹರಿದು ನಾಡಿನ ಎಲ್ಲ ಕೆನೆಚಮಚಗಳನ್ನೂ ಮುಟ್ಟಿತು. ಆವತ್ತು ಅವಳು ಕಂಪನಿಯ ದೂರು ಸ್ವೀಕರಿಸುವ ಕೋಣೆಗೆ ಹೋಗಿ ಕೂತಳು.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಒಂದೆರಡು ಕರೆ ಬಂದವು. ಮಧ್ಯಾಹ್ನದ ಊಟದ ಹೊತ್ತಿಗೂ ಅಷ್ಟೇ. ಗಂಡಸರು ಉಂಡು, ಮಕ್ಕಳು ಉಂಡು, ಎಲೆ ಅಡಿಕೆ ಹಾಕಿಕೊಂಡವರು ಅಡ್ಡಾದ ಮೇಲೆ, ಒಮ್ಮೆಲೇ ಎಲ್ಲ ಫೋನುಗಳೂ ಬಡಿದುಕೊಳ್ಳತೊಡಗಿದವು. ಗದಗ, ಚಳ್ಳಕೆರೆ, ಮಂಡ್ಯ, ಪುತ್ತೂರು, ಬೀದರ. ಎಲ್ಲ ಹೆಣ್ಣು ದನಿಗಳು, ಮಲಗಿದವರಿಗೆ ಎಚ್ಚರವಾದೀತೆಂದು ತಗ್ಗಿಸಿದ ದನಿಗಳು, ಎಲ್ಲರದೂ ಒಂದೇ ದೂರು. ಉತ್ತರಿಸುವ ಹುಡುಗಿಯರು ಸಾಲದೆ ಇಂಚರಳೂ ಒಂದು ಫೋನು ಎತ್ತಿಕೊಂಡಳು.

"ನಮಸ್ಕಾರ್ರಿ. ನಿಮ್ಮ ಚಮಚಾ ಕೆಟ್ಟೇತ್ರಿ," ಎಂದಿತು ಆ ಕಡೆಯ ದನಿ. "ಮನ್ಯಾಗ ಎಲ್ಲಾರಿಗೂ ಚಲೋ ನಡದಿತ್ತು. ನಾ ಉಣ್ಣಾಕ ಕುಂತ ಕೂಡ್ಲೇ ಕೆಟ್ಟತು."

ಇಂಚರ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಚಮಚಾ ಕೆಟ್ಟಿಲ್ಲರಿ ಅಕ್ಕಾರ," ಎಂದಳು. "ನಿಮ್ಮ ಬೋಗುಣ್ಯಾಗ ಏನರ ಉಳದೈತೇನ್ರಿ?"

ಆ ಕಡೆ ಪಾತ್ರೆಯ ಮುಚ್ಚಳ ಸರಿಸಿದ ಸದ್ದು ಕೇಳಿತು. ಆಮೇಲೆ ಸೌಟು ತಳಕ್ಕೆ ತಾಗಿದ ಸದ್ದು.

"ಇಲ್ಲರಿ," ಎಂದರು ಆ ಹೆಂಗಸು.

ಕೆನೆಚಮಚವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಅದು ಮುಂದೆ ಹೊಗಲಿರುವ ಮನೆಗಳು ಮಾತ್ರ ಇವತ್ತೇ ಇವೆ, ಅಲ್ಲಿ ಇವತ್ತಿನ ಅಡಿಗೆಯೂ ಆಗಿದೆ, ಬಡಿಸುವವರು ಬಡಿಸುತ್ತಿದ್ದಾರೆ. ಉಂಡು ಎದ್ದವರು ಕೈ ತೊಳೆದು ಒಮ್ಮೆ ಒಳಗೆ ಹೋಗಿ, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು, ತಳದಲ್ಲಿ ಉಳಿದದ್ದನ್ನು ಒಂದು ಗುಟುಕು ಕುಡಿದು ನೋಡಬಹುದು. ಸಾದಾ ಚಮಚ ಸಾಕು.